ಹವಳದ ಮೇಲೆ ನಿಲ್ಲಬೇಡಿ, ತೇಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಲಕ್ಷದ್ವೀಪದ ಹಡಗು ಪ್ರವಾಸದ ಬಗ್ಗೆ ಬರೆದಿದ್ದೆ. ಕೊಚ್ಚಿಯಲ್ಲಿ ಹಡಗು ಹತ್ತುವುದು, ರಾತ್ರಿ ಹಡಗಿನಲ್ಲೇ ಮಲಗುವುದು, ಹಗಲು ಒಂದೊಂದು ದ್ವೀಪದಲ್ಲಿ ಇಳಿಯುವುದು, ಕಲ್ಪೇನಿ ದ್ವೀಪದಲ್ಲಿ ಹವಳದ ದಿಬ್ಬದ ಮೇಲೆ ಸ್ನಾರ್ಕೆಲಿಂಗ್, ಅಂದರೆ ಬಾಯಲ್ಲಿ ಕೊಳವೆ ಇಟ್ಟುಕೊಂಡು ತೇಲುತ್ತಾ ನೀರಿನ ಕೆಳಗೆ ನೋಡುವುದು, ಮಾಡಿದ್ದು ಎಲ್ಲ ಅದರಲ್ಲಿತ್ತು. ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಆ ಸ್ನಾರ್ಕೆಲಿಂಗ್ ಬಗ್ಗೆಯೇ. ನನಗೆ ತುಂಬಾ ಖುಷಿಯಾಯಿತು. ಬಾಗಲಕೋಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದಾಗ ವರ್ಷ ವರ್ಷವೂ ಬೋರ್ಡಿನ ಮೇಲೆ ಹವಳದ ಚಿತ್ರ ಬರೆದವಳು ನಾನು. ಅದನ್ನು ಜೀವಂತವಾಗಿ ನೋಡಿದ್ದು ನಿವೃತ್ತಿಯಾದ ಮೇಲೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ.

ಅಕ್ಕಾರೇ, ನನಗೆ ಐವತ್ತೆರಡು ವರ್ಷ. ಮಗ ಹಡಗಿನ ಟಿಕೆಟ್ ಮಾಡಿಸಿದ್ದಾನೆ. ನನಗೆ ಈಜು ಬರುವುದಿಲ್ಲ. ಬೇಗಂ ತಲಾಬ್ ದಂಡೆಯಲ್ಲಿ ನಿಂತು ನೀರು ನೋಡಿದ್ದಷ್ಟೇ ಗೊತ್ತು. ‘ಅವ್ವಾ, ನೀನೂ ಇಳಿಯಲೇಬೇಕು’ ಅಂತ ಮಗ ಹಟ ಹಿಡಿದಿದ್ದಾನೆ. ಇಳಿಯಬಹುದಾ? ಏನು ಉಟ್ಟುಕೊಳ್ಳಬೇಕು?
*– ಗೃಹಿಣಿ, ವಿಜಯಪುರ*

ಇಳಿಯಬಹುದು ತಂಗಿ. ಈಜು ಬರದಿದ್ದರೂ ಇಳಿಯಬಹುದು. ಮೈಮೇಲೆ ಲೈಫ್ ಜಾಕೆಟ್ ಇರಬೇಕು, ಪಕ್ಕದಲ್ಲಿ ಗೈಡ್ ಇರಬೇಕು. ಇವೆರಡೂ ಅಲ್ಲಿ ಸಿಗುತ್ತವೆ. ಬಾಯಿಂದ ಉಸಿರಾಡುವ ರೂಢಿ ಮಾತ್ರ ಅಲ್ಲಿ ಸಿಗುವುದಿಲ್ಲ. ಅದನ್ನು ವಿಜಯಪುರದಲ್ಲೇ ಮಾಡಿಕೊಂಡು ಹೋಗಿ.

ಸ್ನಾರ್ಕೆಲಿಂಗ್‌ನಲ್ಲಿ ಮುಳುಗುವ ಕೆಲಸವೇ ಇಲ್ಲ. ನೀರಿನ ಮೇಲೆ ಬೋರಲಾಗಿ ಮಲಗಿ ತೇಲುತ್ತೀರಿ. ಕಣ್ಣು, ಮೂಗು ಎರಡನ್ನೂ ಮುಚ್ಚುವ ಗಾಜಿನ ಮಾಸ್ಕ್ ಮುಖದ ಮೇಲಿರುತ್ತದೆ. ಬಾಯಲ್ಲಿ ಒಂದು ಕೊಳವೆ, ಅದರ ತುದಿ ನೀರಿನ ಮೇಲಿರುತ್ತದೆ. ಕಾಲಿಗೆ ರಬ್ಬರ್ ರೆಕ್ಕೆ ಕೊಡುತ್ತಾರೆ. ಈಜು ಬರದವರಿಗೆ ಅದು ಕಾಲಿಗೆ ತೊಡಕು, ಬೇಡ ಅನ್ನಿ. ಗೈಡ್ ಒಂದು ಗಾಳಿ ರಿಂಗ್ ಹಿಡಿದು ಎಳೆದುಕೊಂಡು ಹೋಗುತ್ತಾನೆ. ನೀವು ಅದನ್ನು ಹಿಡಿದು ಕೆಳಗೆ ನೋಡುತ್ತಿದ್ದರೆ ಆಯಿತು.

ಹೆದರಿಕೆ ಹುಟ್ಟುವುದು ಉಸಿರಿನಿಂದ. ಮುಖಕ್ಕೆ ನೀರು ತಾಗಿದ ಕೂಡಲೇ ನಾವು ಉಸಿರು ಹಿಡಿಯುತ್ತೇವೆ. ಆಮೇಲೆ ಎದೆ ಬಿಗಿಯುತ್ತದೆ, ಕೈಕಾಲು ಬಡಿಯುತ್ತೇವೆ. ಈ ಅಭ್ಯಾಸವನ್ನು ಮನೆಯಲ್ಲೇ ಬಿಡಿಸಬಹುದು. ಮಗನಿಗೆ ಹೇಳಿ ಒಂದು ಮಾಸ್ಕ್, ಒಂದು ಕೊಳವೆ ತರಿಸಿಕೊಳ್ಳಿ. ದೊಡ್ಡ ಬಕೆಟ್ ತುಂಬ ನೀರು ತುಂಬಿ ಸ್ಟೂಲಿನ ಮೇಲಿಡಿ. ಎದುರಿಗೆ ಕುರ್ಚಿ ಹಾಕಿ ಕುಳಿತುಕೊಳ್ಳಿ. ಕೊಳವೆಯ ಬಾಯಿ ಭಾಗವನ್ನು ಹಲ್ಲಲ್ಲಿ ಮೆಲ್ಲಗೆ ಹಿಡಿದು ತುಟಿ ಮುಚ್ಚಿ. ಗಟ್ಟಿಯಾಗಿ ಕಚ್ಚಿದರೆ ಹತ್ತು ನಿಮಿಷದಲ್ಲಿ ದವಡೆ ನೋಯುತ್ತದೆ. ಮೊದಲು ಸುಮ್ನೆ ಗಾಳಿಯಲ್ಲೇ ಉಸಿರಾಡಿ ನೋಡಿ. ಆಮೇಲೆ ಮುಖ ನೀರಿಗಿಳಿಸಿ. ಉದ್ದಕ್ಕೆ ಎಳೆಯಿರಿ, ಉದ್ದಕ್ಕೆ ಬಿಡಿ. ಗಡಿಬಿಡಿಯಲ್ಲಿ ಚಿಕ್ಕ ಚಿಕ್ಕ ಉಸಿರು ತೆಗೆದುಕೊಂಡರೆ ಬಿಟ್ಟ ಗಾಳಿಯೇ ಕೊಳವೆಯಲ್ಲಿ ನಿಂತು ಮತ್ತೆ ಒಳಗೆ ಬರುತ್ತದೆ, ತಲೆ ಭಾರವಾಗುತ್ತದೆ.

ಇನ್ನೊಂದನ್ನೂ ಬಕೆಟ್ಟಿನಲ್ಲೇ ಕಲಿಯಿರಿ. ಅಲೆ ಬಂದಾಗ ಕೊಳವೆಯೊಳಗೆ ನೀರು ಇಳಿಯುತ್ತದೆ. ಆಗ ಹೆದರಿ ತಲೆ ಎತ್ತುವ ಬದಲು ‘ಫೂ’ ಎಂದು ಒಂದೇ ಸಲ ಜೋರಾಗಿ ಊದಿ. ನೀರು ಮೇಲಿನಿಂದ ಹಾರಿಹೋಗುತ್ತದೆ. ನಾನು ಹೊರಡುವ ಮುಂಚೆ ಬಚ್ಚಲಲ್ಲಿ ಕುಳಿತು ದಿನಾ ಇದನ್ನೇ ಮಾಡುತ್ತಿದ್ದೆ. ಮೊಮ್ಮಗಳು ಗಡಿಯಾರ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು. ಕಲ್ಪೇನಿಯಲ್ಲಿ ನೀರಿಗಿಳಿದಾಗ ನನ್ನ ಜೊತೆ ಇಳಿದ ಗಟ್ಟಿಮುಟ್ಟು ಹುಡುಗರು ಕೆಮ್ಮುತ್ತಿದ್ದರು. ನನಗೆ ಉಸಿರಿನ ಚಿಂತೆಯೇ ಇರಲಿಲ್ಲ. ಅಷ್ಟೂ ಹೊತ್ತು ಕಣ್ಣಿಗೇ ಕೆಲಸ.

ಅಲ್ಲಿ ಮಾಸ್ಕ್ ಕೊಡುವಾಗ ರಾಶಿಯಿಂದ ಸಿಕ್ಕಿದ್ದನ್ನು ಎತ್ತಿ ಕೊಟ್ಟುಬಿಡುತ್ತಾರೆ. ಹಾಗೇ ತೆಗೆದುಕೊಳ್ಳಬೇಡಿ. ಪಟ್ಟಿ ತಲೆಗೆ ಹಾಕದೆ ಬರೀ ಮಾಸ್ಕನ್ನು ಮುಖಕ್ಕೆ ಇಟ್ಟು, ಮೂಗಿನಿಂದ ಸ್ವಲ್ಪ ಗಾಳಿ ಎಳೆದು, ಕೈ ಬಿಡಿ. ಮಾಸ್ಕ್ ಬೀಳದೆ ಮುಖಕ್ಕೆ ಅಂಟಿಕೊಂಡು ನಿಂತರೆ ಅದು ನಿಮ್ಮ ಅಳತೆಯದ್ದು. ಬಿದ್ದರೆ ಬೇರೆ ಕೇಳಿ. ನನಗೆ ಮೊದಲು ಕೊಟ್ಟ ಮಾಸ್ಕಿನ ಅಂಚು ಸೀಳಿತ್ತು. ವಾಪಸ್ ಕೊಟ್ಟು ಬೇರೆ ಇಸಿದುಕೊಂಡೆ. ಪಟ್ಟಿ ಬಿಗಿದರೆ ನೀರು ಬರುವುದಿಲ್ಲ ಅಂತ ಜನ ತಿಳಿಯುತ್ತಾರೆ. ಅತಿಯಾಗಿ ಬಿಗಿದರೆ ಅಂಚು ಸೊಟ್ಟಗಾಗಿ ನೀರು ಇನ್ನೂ ಜಾಸ್ತಿ ಬರುತ್ತದೆ. ಗಾಜು ಮಂಜಾಗದಿರಲು ಒಳಗಡೆ ಎಂಜಲು ಸವರಿ ಸಮುದ್ರದ ನೀರಲ್ಲಿ ಒಮ್ಮೆ ಜಾಲಿಸಿ. ಎಂಜಲು ಅಂದರೆ ನಮಗೆ ಹೇಸಿಗೆ, ಗೊತ್ತು. ಹಾಗಿದ್ದರೆ ಮಕ್ಕಳ ಶಾಂಪೂ ಒಂದು ಹನಿ ಸಾಕು.

ಇನ್ನು ಉಡುಗೆ. ಸೀರೆ ಬೇಡ, ದುಪಟ್ಟಾ ಬೇಡ. ನೀರಿನಲ್ಲಿ ಕಾಲಿಗೆ, ಕೈಗೆ ಸುತ್ತಿಕೊಳ್ಳುತ್ತವೆ. ಮೈಗಂಟುವ ಲೆಗ್ಗಿಂಗ್ಸ್, ಅದರ ಮೇಲೆ ಪೂರ್ತಿ ತೋಳಿನ, ನೈಲಾನ್ ಬಟ್ಟೆಯ ಟೀ ಶರ್ಟ್ ಹಾಕಿಕೊಳ್ಳಿ. ಕಾಟನ್ ನೀರು ಕುಡಿದು ಭಾರವಾಗುತ್ತದೆ. ದ್ವೀಪದ ಹೆಣ್ಣುಮಕ್ಕಳು ಮೈತುಂಬಾ ಬಟ್ಟೆ ಹಾಕುವವರು. ಆದ್ದರಿಂದ ನಮ್ಮಂಥವರಿಗೆ ಅಲ್ಲಿ ಮುಜುಗರ ಇಲ್ಲ. ಉದ್ದನೆಯ ತಾಳಿ ಸರವನ್ನು ಟೀ ಶರ್ಟಿನ ಒಳಗೆ ಸೇರಿಸಿ. ಜುಮಕಿ, ಗಾಜಿನ ಬಳೆ ಹಡಗಿನಲ್ಲೇ ಬಿಡಿ. ಜಡೆಯನ್ನು ಕುತ್ತಿಗೆ ಹತ್ತಿರ ಕೆಳಗೆ ಕಟ್ಟಿ. ತುರುಬು ಮೇಲಿದ್ದರೆ ಮಾಸ್ಕಿನ ಪಟ್ಟಿ ಜಾರುತ್ತದೆ. ಹಣೆಯ ಮೇಲೆ ಕೂದಲು ಅಂಚಿನೊಳಗೆ ಸಿಕ್ಕರೂ ಅಲ್ಲಿಂದಲೇ ನೀರು ನುಗ್ಗುತ್ತದೆ.

ಬಿಪಿ, ಹೃದಯದ ತೊಂದರೆ, ಉಬ್ಬಸ ಇದ್ದರೆ ಡಾಕ್ಟರನ್ನು ಕೇಳದೆ ಇಳಿಯಬೇಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಸ್ನಾರ್ಕೆಲಿಂಗ್‌ನಲ್ಲಿ ಜೀವಕ್ಕೆ ಅಪಾಯವಾಗುವುದು ವಯಸ್ಸಾದ, ಹೃದಯದ ತೊಂದರೆ ಇರುವವರಿಗೇ ಜಾಸ್ತಿ. ಸುಸ್ತಾಯಿತು ಅನಿಸಿದರೆ ಗೈಡಿಗೆ ಹೇಳಿ ಅಂಗಾತ ತಿರುಗಿ. ಜಾಕೆಟ್ ನಿಮ್ಮನ್ನು ಮಲಗಿಸಿಕೊಂಡೇ ಇರುತ್ತದೆ.

ಎಷ್ಟೋ ಕಡೆ ದೊಡ್ಡ ಹಡಗು ದ್ವೀಪದ ಹತ್ತಿರಕ್ಕೆ ಬರುವುದಿಲ್ಲ, ಆಳ ಸಾಲುವುದಿಲ್ಲ. ಹೊರಗೆ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ದಾಟಬೇಕು. ದೋಣಿ ಏಳುತ್ತಾ ಇಳಿಯುತ್ತಾ ಇರುತ್ತದೆ. ನನ್ನ ಪ್ರಕಾರ ಇಡೀ ದಿನದಲ್ಲಿ ಎದೆ ಝಲ್ಲೆನ್ನುವುದು ಆ ಒಂದು ಹೆಜ್ಜೆ ಮಾತ್ರ. ಕೈಯಲ್ಲಿ ಚೀಲ ಇರಬಾರದು. ಸಿಬ್ಬಂದಿ ‘ಈಗ’ ಅಂದಾಗ ಅವರ ಕೈ ಹಿಡಿದು ದಾಟಿ. ಅವರಿಗಿಂತ ಮೊದಲು ಹೆಜ್ಜೆ ಇಡಬೇಡಿ.

ನೀರಿನ ಕೆಳಗಿನ ಮೀನು, ಹವಳ ಎಲ್ಲ ಟಿವಿಯಲ್ಲಿ ದಿನಾ ತೋರಿಸುತ್ತಾರೆ. ಅಷ್ಟು ದುಡ್ಡು ಖರ್ಚು ಮಾಡಿ ಹೋಗಿ ನೋಡುವುದು ಏನಿದೆ?
*– ನಿವೃತ್ತ ಬ್ಯಾಂಕ್ ನೌಕರರು, ಬಾಗಲಕೋಟೆ*

ಹೋಗಿ ನೋಡಬೇಕು ಸರ್. ಟಿವಿಯಲ್ಲಿ ಕ್ಯಾಮೆರಾ ಮೀನಿನ ಹಿಂದೆ ಓಡುತ್ತದೆ. ಅಲ್ಲಿ ನೀವು ಒಂದೇ ಕಡೆ ತೇಲುತ್ತಾ ಕಾದರೆ ಮೀನೇ ನಿಮ್ಮ ಕೆಳಗೆ ಬಂದು ತನ್ನ ಕೆಲಸ ಮಾಡುತ್ತದೆ. ಕಿವಿ ನೀರಿನೊಳಗೆ ಇರುವುದರಿಂದ ಅದರ ಸದ್ದೂ ಕೇಳುತ್ತದೆ. ಟಿವಿಯಲ್ಲಿ ಆ ಸದ್ದಿನ ಮೇಲೆ ಸಂಗೀತ ಹಾಕಿರುತ್ತಾರೆ.

ಗಿಳಿಮೀನಿನ ಉದಾಹರಣೆ ತೆಗೆದುಕೊಳ್ಳಿ. ಮೊಳದುದ್ದ ಇರುತ್ತದೆ. ಹಸಿರು-ನೀಲಿ ಮೈ, ತುಟಿಯ ಹತ್ತಿರ ಗುಲಾಬಿ ಪಟ್ಟೆ. ಹಲ್ಲುಗಳೆಲ್ಲ ಕೂಡಿಕೊಂಡು ಗಿಳಿಯ ಕೊಕ್ಕಾಗಿವೆ. ನನ್ನ ಕೆಳಗೇ ಒಂದು ಬಂದು ಬಂಡೆಯ ಮೇಲಿನ ಪಾಚಿಗೆ ಬಾಯಿ ಹಾಕಿತು. ಕಡಕ್ ರೊಟ್ಟಿ ಮುರಿದ ಹಾಗೆ ‘ಕಟ್’ ಎಂಬ ಸದ್ದು. ಸ್ವಲ್ಪ ಮುಂದೆ ಹೋಗಿ ಮತ್ತೆ ‘ಕಟ್’. ಬಂಡೆಯ ಮೇಲೆ ಅದರ ಹಲ್ಲಿನ ಬಿಳಿ ಗೀರು ಕಂಡಿತು. ಪಾಚಿಯ ಜೊತೆ ಹವಳದ ಸುಣ್ಣವನ್ನೂ ಕೆರೆದು ನುಂಗುತ್ತದೆ, ಗಂಟಲಿನ ಹಲ್ಲಿನಲ್ಲಿ ಅರೆಯುತ್ತದೆ. ಆಮೇಲೆ ಹಿಂದಿನಿಂದ ಬಿಳಿ ಹುಡಿಯ ಮೋಡ ಬಿಟ್ಟು ಹೊರಟುಹೋಯಿತು. ಆ ಹುಡಿಯೇ ಮರಳು. ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಇಂಥ ಮೀನುಗಳ ಹೊಟ್ಟೆಯಿಂದ ಬಂದದ್ದು. ಇದನ್ನು ಎಷ್ಟೋ ಸಲ ಪಾಠದಲ್ಲಿ ಹೇಳಿದ್ದೆ. ಸದ್ದು ಕೇಳಿದ ದಿನ ಕಣ್ಣಲ್ಲಿ ನೀರು ಬಂತು. ಮಾಸ್ಕಿನೊಳಗೆ ಒರೆಸಿಕೊಳ್ಳಲೂ ಆಗುವುದಿಲ್ಲ.

ಪಕ್ಕದಲ್ಲೇ ಬಂಡೆಯ ಬಿರುಕಿನಲ್ಲಿ ಒಂದು ದೈತ್ಯ ಚಿಪ್ಪು ಬಾಯಿ ತೆರೆದು ಕೂತಿತ್ತು. ಹೆಸರು ದೈತ್ಯ ಅಂತ ಇದ್ದರೂ ಅಲ್ಲಿ ಸಾಮಾನ್ಯವಾಗಿ ಕಾಣುವ ಜಾತಿ ಒಂದು ಗೇಣಿನದ್ದು. ಚಿಪ್ಪಿನ ಅಂಚಿನಲ್ಲಿ ಉದ್ದಕ್ಕೂ ಮೆತ್ತನೆಯ ಮಾಂಸದ ಮಡಿಕೆ. ನೀಲಿ, ಅದರ ಮೇಲೆ ಹಸಿರು ಚುಕ್ಕಿ. ಗೈಡ್ ಮೇಲಿನಿಂದ ಕೈ ಅಡ್ಡ ಹಿಡಿದು ನೆರಳು ಬೀಳಿಸಿದ. ಮಡಿಕೆ ತಟ್ಟನೆ ಒಳಗೆ ಸರಿಯಿತು. ನೆರಳು ತೆಗೆದ. ನಿಧಾನಕ್ಕೆ ಮತ್ತೆ ಹೊರಗೆ ಬಂತು. ಆ ಮಡಿಕೆಯಲ್ಲಿ ಸಣ್ಣ ಸಣ್ಣ ಪಾಚಿಗಳನ್ನು ಸಾಕಿಕೊಂಡಿರುತ್ತದೆ. ಅವುಗಳಿಗೆ ಬಿಸಿಲು ಬೇಕು, ಅದಕ್ಕೇ ಬಾಯಿ ತೆರೆದು ಕೂರುತ್ತದೆ. ಮುಟ್ಟಲೇಬೇಕು ಅಂತಿಲ್ಲ, ನೋಡಿ. ಒಂದು ನೆರಳಿನಿಂದಲೇ ಜೀವ ಇದೆ ಎಂದು ಗೊತ್ತಾಗುತ್ತದೆ.

ಜೋಡಿ ಜೋಡಿಯಾಗಿ ಓಡಾಡುವ ಹಳದಿ ಚಿಟ್ಟೆಮೀನು ಇತ್ತು. ಸಮುದ್ರಹೂವಿನೊಳಗೆ ಸೇರಿಕೊಂಡು ಇಣುಕುವ ಕಿತ್ತಳೆ ಪಟ್ಟೆಯ ಮೀನು ಇತ್ತು. ಮರಳಿನ ಮೇಲೆ ಕಪ್ಪಗೆ ಬಿದ್ದುಕೊಂಡ ಸಮುದ್ರ ಸೌತೆ ಎಂಬ ಪ್ರಾಣಿ ಮರಳು ತಿಂದು, ಅದರಲ್ಲಿನ ಕೊಳೆ ಜೀರ್ಣಿಸಿಕೊಂಡು, ಸ್ವಚ್ಛ ಮರಳು ಹೊರಗೆ ಹಾಕುತ್ತಿತ್ತು. ನೀರಿನಲ್ಲಿ ಎಲ್ಲವೂ ಇರುವುದಕ್ಕಿಂತ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ, ಹತ್ತಿರವೂ ಕಾಣುತ್ತದೆ. ಅದಕ್ಕೇ ಕಾಲಿನ ಅಂದಾಜು ತಪ್ಪಿ ಜನ ಹವಳಕ್ಕೆ ಒದೆಯುತ್ತಾರೆ.

ಎಲ್ಲವೂ ಚೆಂದ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಧಕ್ಕರ್ಧ ಜಾಗದಲ್ಲಿ ಬೂದು ಬಣ್ಣದ ಮುರಿದ ಕಡ್ಡಿಗಳ ರಾಶಿ. ಅವು ಒಂದು ಕಾಲದಲ್ಲಿ ಕವಲು ಹವಳಗಳಾಗಿದ್ದವು. ಅದರ ಕಾರಣ ಮುಂದಿನ ಉತ್ತರದಲ್ಲಿದೆ.

ಟೀಚರ್, ಹವಳ ಕಲ್ಲೋ, ಗಿಡವೋ, ಪ್ರಾಣಿಯೋ? ನಮ್ಮ ಪುಸ್ತಕದಲ್ಲಿ ಪ್ರಾಣಿ ಅಂತ ಇದೆ. ಹಾಗಾದರೆ ಬಿಳಿಚಿ ಸಾಯುವುದು ಅಂದರೇನು?
*– ಪಿಯುಸಿ ವಿದ್ಯಾರ್ಥಿನಿ, ಲೋಕಾಪುರ*

ಪುಸ್ತಕ ಸರಿ ಹೇಳಿದೆ ಮಗಾ. ಪ್ರಾಣಿ. ಬಹಳ ಜಾತಿಗಳಲ್ಲಿ ಒಂದೊಂದು ಪ್ರಾಣಿ ಕೆಲವೇ ಮಿಲಿಮೀಟರ್. ಮೆತ್ತನೆಯ ಚೀಲ, ಮೇಲೊಂದು ಬಾಯಿ, ಬಾಯಿ ಸುತ್ತ ಎಳೆಗಳು. ಇದಕ್ಕೆ ಪಾಲಿಪ್ ಎನ್ನುತ್ತಾರೆ. ಸಾವಿರಾರು ಪಾಲಿಪ್‌ಗಳು ಒಂದಕ್ಕೊಂದು ಅಂಟಿಕೊಂಡು ಬದುಕುತ್ತವೆ. ಸಮುದ್ರದ ನೀರಿನಲ್ಲಿರುವ ಸುಣ್ಣದ ಅಂಶ ತೆಗೆದುಕೊಂಡು ತಮ್ಮ ಕೆಳಗೆ ತಾವೇ ಕಲ್ಲು ಕಟ್ಟಿಕೊಳ್ಳುತ್ತವೆ. ನೀನು ಕಲ್ಲು ಅಂದುಕೊಳ್ಳುವುದು ಅದರ ಅಸ್ಥಿ. ಜೀವ ಇರುವುದು ಮೇಲಿನ ತೆಳು ಪದರದಲ್ಲಿ ಮಾತ್ರ. ಗುಂಡು ಬಂಡೆಯ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನಿನ್ನ ಎತ್ತರದ ಹವಳದ ಬಂಡೆಗೆ ನಿನ್ನ ಮುತ್ತಜ್ಜಿಗಿಂತ ಜಾಸ್ತಿ ವಯಸ್ಸು.

ಗಿಡ ಅಂತ ಜನರಿಗೆ ಅನಿಸುವುದಕ್ಕೂ ಕಾರಣವಿದೆ. ಪಾಲಿಪ್‌ನ ಮೈಯೊಳಗೆ ಪಾಚಿ ವಾಸ ಮಾಡುತ್ತದೆ. ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ, ಅದರಲ್ಲಿ ಬಹುಪಾಲು ಹವಳಕ್ಕೆ ಕೊಡುತ್ತದೆ. ಹವಳದ ಮೈಗೆ ಕಂದು, ಹಸಿರು ಬಣ್ಣ ಬರುವುದೂ ಈ ಪಾಚಿಯಿಂದ. ರಾತ್ರಿ ಪಾಲಿಪ್ ತನ್ನ ಎಳೆಗಳನ್ನು ಚಾಚಿ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನೂ ಹಿಡಿದು ತಿನ್ನುತ್ತದೆ.

ಸಮುದ್ರದ ನೀರಿನ ಬಿಸಿ ಅಲ್ಲಿನ ಬೇಸಿಗೆಯ ಗರಿಷ್ಠ ಉಷ್ಣತೆಗಿಂತ ಒಂದೇ ಒಂದು ಡಿಗ್ರಿ ಸೆಲ್ಸಿಯಸ್ ಜಾಸ್ತಿಯಾಗಿ ಕೆಲವು ವಾರ ಹಾಗೇ ನಿಂತರೆ, ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಬಣ್ಣ ಹೋಗಿ ಕೆಳಗಿನ ಬಿಳಿ ಅಸ್ಥಿ ಕಾಣುತ್ತದೆ. ಅದೇ ಬಿಳಿಚುವುದು. ಆ ಹೊತ್ತಿಗೆ ಹವಳ ಇನ್ನೂ ಸತ್ತಿರುವುದಿಲ್ಲ. ಉಪವಾಸ ಬಿದ್ದಿರುತ್ತದೆ. ನೀರು ಬೇಗ ತಂಪಾದರೆ ಪಾಚಿ ಮತ್ತೆ ಸೇರಿ ಬದುಕಿಕೊಳ್ಳುತ್ತದೆ. ಬಿಸಿ ಮುಂದುವರಿದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. ಕವಲು ಹವಳಗಳು ಬೇಗ ಸಾಯುತ್ತವೆ, ಗುಂಡು ಬಂಡೆಯವು ಸ್ವಲ್ಪ ತಡೆದುಕೊಳ್ಳುತ್ತವೆ. ನಾನು ನೋಡಿದ ಬೂದು ಕಡ್ಡಿಗಳ ರಾಶಿ ಅದರದ್ದೇ ಗುರುತು.

ಲಕ್ಷದ್ವೀಪದ 36 ದ್ವೀಪಗಳ ನೆಲವೆಲ್ಲ ಸೇರಿಸಿದರೂ 32 ಚದರ ಕಿಲೋಮೀಟರ್. ಅದರ ಸುತ್ತ ಹವಳದ ದಿಬ್ಬದ ಒಳಗಿನ ಶಾಂತ ನೀರು, ಅಂದರೆ ಲಗೂನ್, ಸುಮಾರು 4,200 ಚದರ ಕಿಲೋಮೀಟರ್. ಈ ದ್ವೀಪಗಳಲ್ಲಿ ಬೆಟ್ಟವೂ ಇಲ್ಲ, ನದಿಯೂ ಇಲ್ಲ. ನೆಲ ಎಲ್ಲ ಹವಳದ ಪುಡಿಯೇ. ಕಡಲಿನಡಿ ಮುಳುಗುತ್ತಾ ಹೋದ ಜ್ವಾಲಾಮುಖಿಯ ಸುತ್ತ ಹವಳ ಮೇಲಕ್ಕೆ ಬೆಳೆಯುತ್ತಾ ಬಂದು ಇಂಥ ಉಂಗುರದ ದ್ವೀಪಗಳಾಗುತ್ತವೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲೇ ಬರೆದ. ದಿಬ್ಬ ಹೊರಗೆ ಅಲೆ ತಡೆಯುವುದರಿಂದ ಜನ ಒಳಗೆ ಬದುಕಿದ್ದಾರೆ. ಕಲ್ಪೇನಿಯ ಪೂರ್ವದ ದಡದಲ್ಲಿ ಹವಳದ ತುಂಡುಗಳ ದೊಡ್ಡ ಒಡ್ಡು ಇದೆ. 1847ರ ಬಿರುಗಾಳಿ ಎತ್ತಿ ಎಸೆದದ್ದು. ಹವಳ ಸತ್ತು ಸವೆದು ಹೋದರೆ ಅಲೆಗೆ ಅಡ್ಡ ನಿಲ್ಲುವುದು ಯಾವುದು, ನೀನೇ ಯೋಚಿಸು.

ನಿನ್ನ ಊರಿನ ಹೆಸರು ನೋಡಿ ಇನ್ನೊಂದು ಮಾತು ಹೇಳಬೇಕೆನಿಸಿತು. ನಿಮ್ಮ ಲೋಕಾಪುರ, ನಮ್ಮ ಬಾಗಲಕೋಟೆ, ಕಲಾದಗಿ ಕಡೆಯ ಸುಣ್ಣದ ಕಲ್ಲು ಇದೆಯಲ್ಲ, ಅದೂ ಸಮುದ್ರದಲ್ಲೇ ಆದದ್ದು. ನೂರು ಕೋಟಿ ವರ್ಷಕ್ಕೂ ಹಿಂದೆ. ಆಗ ಹವಳ ಇರಲಿಲ್ಲ, ಮೀನೂ ಇರಲಿಲ್ಲ. ಕಣ್ಣಿಗೆ ಕಾಣದ ಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲು. ಕೆಲವು ಕಡೆ ಆ ಪದರಗಳ ಸುತ್ತುಗೆರೆ ಇವತ್ತಿಗೂ ಕಾಣುತ್ತದೆ. ಸ್ಟ್ರೊಮಾಟೊಲೈಟ್ ಎನ್ನುತ್ತಾರೆ. ನಿಮ್ಮ ಭೂಗೋಳದ ಮೇಷ್ಟ್ರನ್ನು ಕೇಳಿ, ಒಂದು ಭಾನುವಾರ ಕರೆದುಕೊಂಡು ಹೋಗಿ ತೋರಿಸಲಿ.

ನನಗೆ ದಪ್ಪ ಮೀಸೆ ಇದೆ, ಕನ್ನಡಕವೂ ಇದೆ. ಮಾಸ್ಕ್ ಹಾಕಿದರೆ ನೀರು ಬರುತ್ತದೆ ಅಂತ ಗೆಳೆಯರು ಹೆದರಿಸಿದ್ದಾರೆ. ಮೀಸೆ ತೆಗೆಯುವುದಂತೂ ಆಗದ ಮಾತು.
*– ರೈತರು, ಮುಧೋಳ*

ತೆಗೆಯಬೇಕಾಗಿಲ್ಲ ಅಣ್ಣಾರೇ. ನಮ್ಮ ಮನೆಯವರಿಗೂ ಹುರಿ ಮೀಸೆ. ಮಾಸ್ಕಿನ ಅಂಚು ಕೂರುವುದು ಮೂಗಿನ ಕೆಳಗೆ, ಮೇಲ್ತುಟಿಯ ಮೇಲ್ಭಾಗದಲ್ಲಿ. ಅಲ್ಲಿ ಕೂದಲಿದ್ದರೆ ಅಂಚು ಚರ್ಮಕ್ಕೆ ಅಂಟುವುದಿಲ್ಲ, ನೀರು ಜಿನುಗುತ್ತದೆ. ಮೂಗಿಗೆ ತಾಗಿದ ಕಡೆ ಒಂದು ಗೆರೆಯಷ್ಟು ಕೂದಲನ್ನು ಕ್ಷೌರಿಕರಿಂದ ತೆಗೆಸಿದರೆ ಸಾಕು. ಕೆಳಗಿನ ಮೀಸೆ, ತುದಿಯ ತಿರುವು ಹಾಗೇ ಇರುತ್ತದೆ. ಕೆಲವರು ವ್ಯಾಸಲೀನ್ ಹಚ್ಚುತ್ತಾರೆ. ಅದು ರಬ್ಬರನ್ನು ಹಾಳು ಮಾಡುತ್ತದೆ. ಸಿಲಿಕೋನ್ ಗ್ರೀಸ್ ಸಿಕ್ಕರೆ ಒಳ್ಳೆಯದು. ಇಷ್ಟಾದರೂ ಸ್ವಲ್ಪ ನೀರು ಬಂದರೆ ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಮೂಗಿನಿಂದ ಜೋರಾಗಿ ಗಾಳಿ ಬಿಡಿ. ನೀರು ಕೆಳಗಿನಿಂದ ಹೋಗುತ್ತದೆ.

ಕನ್ನಡಕದ ಕಾಲು ಮಾಸ್ಕಿನೊಳಗೆ ಹಿಡಿಸುವುದಿಲ್ಲ. ದೂರದ್ದು ಕಾಣದವರಿಗೆ ನಂಬರ್ ಇರುವ ಗಾಜಿನ ಮಾಸ್ಕ್ ಸಿಗುತ್ತದೆ, ಮೊದಲೇ ಆನ್‌ಲೈನ್‌ನಲ್ಲಿ ತರಿಸಿ. ನಂಬರ್ ಕಡಿಮೆ ಇದ್ದರೆ ಏನೂ ಬೇಡ. ನೀರಿನಲ್ಲಿ ವಸ್ತು ದೊಡ್ಡದಾಗಿ, ಹತ್ತಿರವಾಗಿ ಕಾಣುವುದರಿಂದ ನಡೆದುಹೋಗುತ್ತದೆ. ಮಿಕ್ಕ ಹೊತ್ತಿಗೆ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ.

ಬರುವಾಗ ಶೋಕೇಸಿಗೆ ಒಂದಿಷ್ಟು ಹವಳ, ಚಿಪ್ಪು ಆರಿಸಿಕೊಂಡು ಬರಬಹುದಾ? ಸತ್ತು ದಡಕ್ಕೆ ಬಿದ್ದಿದ್ದಾದರೆ ತಪ್ಪೇನು?
*– ಅಂಗಡಿ ಮಾಲೀಕರು, ಗೋಕಾಕ*

ಬೇಡ. ಒಂದು ತುಂಡೂ ಬೇಡ. ದಿಬ್ಬ ಕಟ್ಟುವ ಎಲ್ಲ ಹವಳಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ದೈತ್ಯ ಚಿಪ್ಪು, ಸಮುದ್ರ ಸೌತೆ ಕೂಡ ಹಾಗೇ. ಆ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ಅಪರಾಧವಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಜೀವಂತ ಇದ್ದದ್ದೋ, ಸತ್ತು ದಡಕ್ಕೆ ಬಿದ್ದದ್ದೋ ಎಂದು ಕಾನೂನು ಕೇಳುವುದಿಲ್ಲ. ಸತ್ತ ಹವಳಕ್ಕೂ ಅಲ್ಲಿ ಕೆಲಸವಿದೆ. ಸವೆದು ಅದೇ ದ್ವೀಪದ ನೆಲವಾಗುತ್ತದೆ, ಹೊಸ ಹವಳದ ಮರಿ ಅಂಟಿಕೊಳ್ಳುವುದೂ ಅದರ ಮೇಲೇ.

ಚಿಪ್ಪಿನ ವಿಷಯದಲ್ಲಿ ಇನ್ನೂ ಒಂದು ಎಚ್ಚರ. ಕೋನಿನ ಆಕಾರದ, ಮೈತುಂಬಾ ಚೆಂದದ ಚಿತ್ತಾರ ಇರುವ ಶಂಖದ ಹುಳು ಇದೆ. ಅದರಲ್ಲಿ ಜೀವ ಇದ್ದರೆ ಸೂಜಿಯಂಥ ಹಲ್ಲು ಚುಚ್ಚಿ ವಿಷ ಬಿಡುತ್ತದೆ. ಮನುಷ್ಯ ಸಾಯುವಷ್ಟು ವಿಷ ಇರುವ ಜಾತಿಗಳೂ ಇವೆ. ಮಕ್ಕಳು ಮೊದಲು ಕೈಹಾಕುವುದು ಅದಕ್ಕೇ. ಕಲ್ಲಿನ ಬಣ್ಣದಲ್ಲೇ ಕೂತಿರುವ ಕಲ್ಲುಮೀನಿನ ಬೆನ್ನ ಮುಳ್ಳಿನಲ್ಲೂ ವಿಷ. ಹವಳದಿಂದ ಆಗುವ ಗಾಯವೂ ಸಣ್ಣದಲ್ಲ. ನಮ್ಮ ಗುಂಪಿನಲ್ಲಿ ಒಬ್ಬರು ಸುಸ್ತಾಯಿತೆಂದು ಹವಳದ ಮೇಲೆ ನಿಂತುಬಿಟ್ಟರು. ಅಂಗಾಲು ಸೀಳಿತು. ಹವಳದ ಚೂರು ಗಾಯದೊಳಗೆ ಉಳಿದರೆ ಬೇಗ ಮಾಯುವುದಿಲ್ಲ. ಕೊಚ್ಚಿಗೆ ವಾಪಸ್ ಬರುವವರೆಗೂ ಅವರು ಕುಂಟುತ್ತಿದ್ದರು. ಅವರ ಕಾಲ ಕೆಳಗೆ ಮುರಿದದ್ದು ಮತ್ತೆ ಬೆಳೆಯಲು ಎಷ್ಟು ವರ್ಷ ಬೇಕು, ಲೆಕ್ಕ ಮೇಲೆಯೇ ಇದೆ. ನಿಲ್ಲಬೇಕೆನಿಸಿದರೆ ಮರಳು ಇರುವ ಕಡೆ ಕರೆದುಕೊಂಡು ಹೋಗು ಎಂದು ಗೈಡಿಗೆ ಸನ್ನೆ ಮಾಡಿ. ಶೋಕೇಸಿಗೆ ಫೋಟೋ ಫ್ರೇಮ್ ಹಾಕಿಸಿ ಸ್ವಾಮಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಸನ್‌ಸ್ಕ್ರೀನ್ ಹಚ್ಚಿದರೆ ಹವಳ ಸಾಯುತ್ತದೆ ಎಂದು ಓದಿದೆ. ನಿಜವೇ?
*– ಶಿಕ್ಷಕಿ, ಜಮಖಂಡಿ*

ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳು ಹವಳದ ಮರಿಗಳಿಗೆ ಹಾನಿ ಮಾಡುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಪಲಾವು ದೇಶ 2020ರಲ್ಲಿ, ಅಮೆರಿಕದ ಹವಾಯಿ ರಾಜ್ಯ 2021ರಿಂದ ಅವುಗಳ ಮಾರಾಟ ನಿಲ್ಲಿಸಿದವು. ಬಿಸಿಯಾಗುತ್ತಿರುವ ಸಮುದ್ರಕ್ಕೆ ಹೋಲಿಸಿದರೆ ಇದು ಸಣ್ಣ ಕಾರಣ. ಆದರೂ ನಮ್ಮ ಕೈಯಲ್ಲಿರುವುದು ಇದು ತಾನೇ? ಡಬ್ಬಿಯ ಹಿಂದೆ ಓದಿ, ಜಿಂಕ್ ಆಕ್ಸೈಡ್ ಇರುವುದನ್ನು ಕೊಳ್ಳಿ. ಅದಕ್ಕಿಂತ ಮೇಲು ಪೂರ್ತಿ ತೋಳಿನ ಬಟ್ಟೆ. ಬೋರಲು ತೇಲುವಾಗ ಸುಡುವುದು ಕುತ್ತಿಗೆಯ ಹಿಂಭಾಗ, ಮೊಣಕಾಲಿನ ಹಿಂದೆ. ನೀರು ತಂಪಾಗಿರುವುದರಿಂದ ಗೊತ್ತೇ ಆಗುವುದಿಲ್ಲ, ರಾತ್ರಿ ಹಡಗಿನಲ್ಲಿ ಉರಿ ಶುರುವಾಗುತ್ತದೆ.

ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುವವಳು ನಾನು. ಹಡಗಿನಲ್ಲಿ ಗತಿ ಏನು? ಊಟ ಕಟ್ಟಿಕೊಂಡು ಹೋಗಬಹುದಾ?
*– ನೇಕಾರ ಕುಟುಂಬದ ಗೃಹಿಣಿ, ಇಳಕಲ್*

ಡಾಕ್ಟರಿಂದ ಮಾತ್ರೆ ಬರೆಸಿಕೊಳ್ಳಿ. ಹಡಗು ಅಲುಗಾಡಲು ಶುರುವಾಗುವ ಮೊದಲೇ ನುಂಗಬೇಕು, ಸಂಕಟ ಬಂದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ನಿದ್ದೆ ಬರಿಸುವ ಮಾತ್ರೆಯಾದರೆ ಅದನ್ನು ನುಂಗಿ ನೀರಿಗಿಳಿಯಬಾರದು, ಇದನ್ನೂ ಅವರ ಹತ್ತಿರ ಕೇಳಿ. ಹಡಗಿನ ನಡುಭಾಗದಲ್ಲಿ ಅಲುಗಾಟ ಕಡಿಮೆ. ಮೊಬೈಲ್ ನೋಡುತ್ತಾ ಕೂರಬೇಡಿ, ಹೊರಗೆ ಬಂದು ದೂರದ ಕಡಲಂಚು ನೋಡಿ. ಖಾಲಿ ಹೊಟ್ಟೆ ಬೇಡ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಧಾರಾಳವಾಗಿ ಕಟ್ಟಿಕೊಂಡು ಹೋಗಿ. ನಮಗೆ ಕುಚಲಕ್ಕಿ ಅನ್ನ, ಮೀನು ಸಾರಿನ ನಡುವೆ ಅದೇ ಆಧಾರ. ಪ್ಲಾಸ್ಟಿಕ್ ಚೀಲ ಮಾತ್ರ ವಾಪಸ್ ತನ್ನಿ. ಅಷ್ಟು ಸಣ್ಣ ದ್ವೀಪದಲ್ಲಿ ಕಸ ಎಸೆಯಲು ಜಾಗವೇ ಇಲ್ಲ.

ಲಕ್ಷದ್ವೀಪಕ್ಕೆ ಪರವಾನಗಿ, ರಜೆ, ದುಡ್ಡು ಎಲ್ಲ ಹೊಂದಿಸುವುದು ಕಷ್ಟ. ಬೆಳಗಾವಿಗೆ ಹತ್ತಿರ ಎಲ್ಲಾದರೂ ಇದೆಯಾ?
*– ಖಾಸಗಿ ಕಂಪನಿ ನೌಕರ, ಬೆಳಗಾವಿ*

ಎರಡು ಕಡೆ ಇದೆ ತಮ್ಮಾ. ನಿಮಗೆ ಹತ್ತಿರದ್ದು ಮಹಾರಾಷ್ಟ್ರ ಕರಾವಳಿಯ ಮಾಲ್ವಣ. ಅಂಬೋಲಿ ಘಾಟಿ ಇಳಿದು ಸಾವಂತವಾಡಿ, ಕುಡಾಳ ಮೇಲೆ ಹೋದರೆ ಬೆಳಗ್ಗೆ ಹೊರಟು ಊಟದ ಹೊತ್ತಿಗೆ ತಲುಪುತ್ತೀರಿ. ಅಲ್ಲಿನ ಸಿಂಧುದುರ್ಗ ಕೋಟೆಯ ಸುತ್ತ ಬಂಡೆಗಳ ನಡುವೆ ಸ್ನಾರ್ಕೆಲಿಂಗ್ ಮಾಡಿಸುತ್ತಾರೆ. ಆ ಸಮುದ್ರ 1987ರಿಂದ ರಕ್ಷಿತ ಧಾಮ. ಲಕ್ಷದ್ವೀಪದ ತಿಳಿನೀರು ಅಲ್ಲಿ ನಿರೀಕ್ಷಿಸಬೇಡಿ. ಹೊಳೆಗಳ ಮಣ್ಣು ಬಂದು ಸೇರುವ ಕರಾವಳಿ ಅದು. ಕೆಲವು ದಿನ ಕೈ ಚಾಚಿದಷ್ಟು ದೂರ ಮಾತ್ರ ಕಾಣುತ್ತದೆ. ಮೀನಿಗೆ ಬ್ರೆಡ್ ಹಾಕಿ ಕರೆಯುವವರು ಕೆಲವರಿದ್ದಾರೆ. ಬೇಡ ಅನ್ನಿ. ಬ್ರೆಡ್ಡಿಗೆ ಮುಗಿಬೀಳುವ ಮೀನು ಪಾಚಿ ತಿನ್ನುವ ಕೆಲಸ ಬಿಡುತ್ತದೆ.

ಇನ್ನೊಂದು ನಮ್ಮದೇ ನೇತ್ರಾಣಿ ದ್ವೀಪ. ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು ಒಂದೂವರೆ ಗಂಟೆ. ದಡದಿಂದ ದೂರ ಇರುವುದರಿಂದ ನೀರು ಸ್ವಚ್ಛ. ಹವಳವೂ ಇದೆ, ಗಿಳಿಮೀನು, ಚಿಟ್ಟೆಮೀನೂ ಇವೆ. ಆದರೆ ಅಲ್ಲಿ ಲಗೂನ್ ಇಲ್ಲ. ದೋಣಿಯಿಂದ ನೇರ ಆಳದ ನೀರಿಗೆ ಇಳಿಯಬೇಕು. ಅದಕ್ಕೆ ಮೊದಲು ಗೋವಾವೇಸ್ ಈಜುಕೊಳದಲ್ಲಿ ಮಾಸ್ಕ್, ಕೊಳವೆ ಹಾಕಿಕೊಂಡು ಅಭ್ಯಾಸ ಮಾಡಿ. ಆಳದ ಕಡೆ ಕಾಲು ನೆಲಕ್ಕೆ ತಾಗದೆ ಕಾಲು ಗಂಟೆ ಆರಾಮಾಗಿ ತೇಲಲು ಬಂತು ಅಂದರೆ ನೇತ್ರಾಣಿಗೆ ಹೊರಡಬಹುದು.

ಮಳೆಗಾಲದಲ್ಲಿ ಎರಡೂ ಕಡೆ ಬಂದ್. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ನೀರು ಹೆಚ್ಚು ತಿಳಿಯಾಗಿರುತ್ತದೆ. ಹೊರಡುವ ಹಿಂದಿನ ದಿನ ದೋಣಿಯವರಿಗೆ ಫೋನ್ ಮಾಡಿ ‘ನಾಳೆ ನೀರು ಹೇಗಿದೆ, ಎಷ್ಟು ಅಡಿ ಕಾಣುತ್ತೆ?’ ಎಂದು ಕೇಳಿ. ಸರಿಯಾದ ದೋಣಿಯವರು ಕಾಣದ ದಿನ ಕಾಣಲ್ಲ ಅಂತಲೇ ಹೇಳುತ್ತಾರೆ. ಲೈಫ್ ಜಾಕೆಟ್ ನಿಮ್ಮ ಅಳತೆಯದ್ದಿದೆಯಾ, ನೀರಿನಲ್ಲಿ ಒಬ್ಬ ಗೈಡಿಗೆ ಎಷ್ಟು ಜನ ಎಂಬುದನ್ನೂ ದುಡ್ಡು ಕಟ್ಟುವ ಮೊದಲೇ ಕೇಳಿ ತಿಳಿದುಕೊಳ್ಳಿ.